ಮೂರು ತಿಂಗಳು ಮೆಮೊರಿ ಕ್ಯಾಪ್ಸೂಲ್ ನುಂಗಿದ್ಮೇಲೆ ಬರೀತಿರೋ ರಿವ್ಯೂ: 5ಕ್ಕೆ 1.5

ಮೊದ್ಲೇ ಹೇಳ್ಬಿಡ್ತೀನಿ, ಬ್ರ್ಯಾಂಡ್ ಹೆಸರು ಹಾಕಲ್ಲ. ಹಾಕಿ ಪ್ರಯೋಜನಾನೂ ಇಲ್ಲ, ಇದೇ ಥರದ್ದು ಹತ್ತಾರು ಸಿಗತ್ತೆ, ಡಬ್ಬದ ಬಣ್ಣ ಬೇರೆ ಬೇರೆ, ಮೇಲಿರೋ ಚಿತ್ರ ಮಾತ್ರ ಒಂದೇ, ನೀಲಿ ಮೆದುಳು ಸುತ್ತ ಮಿಂಚು. ನಮ್ಮಕ್ಕನ ಮಗ ಸೆಕೆಂಡ್ ಪಿಯು, ನೀಟ್‌ಗೆ ಓದ್ತಿದಾನೆ. ನವೆಂಬರಲ್ಲಿ ಅಕ್ಕ ರೀಲ್ಸ್ ನೋಡ್ತಾ ನೋಡ್ತಾ ಯಾವುದೋ ಆ್ಯಡ್ ಒತ್ತಿ ಮೂರು ಡಬ್ಬದ ಕಾಂಬೋ 3,499 ರೂಪಾಯಿಗೆ ಆರ್ಡರ್ ಮಾಡ್ಬಿಟ್ಟಿದ್ಲು, ಕ್ಯಾಶ್ ಆನ್ ಡೆಲಿವರಿ. ನಾನು ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡೋನು, ಒಂದ್ಮಾತು ಕೇಳ್ಬಹುದಿತ್ತು. ಕೇಳಿದ್ರೆ ಬೇಡ ಅಂತೀನಿ ಅಂತ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ ಅಂತ ಆಮೇಲೆ ಅವಳೇ ಒಪ್ಕೊಂಡ್ಲು.

ಡೆಲಿವರಿ ನಾಲ್ಕನೇ ದಿನಕ್ಕೆ ಬಂತು, ಪ್ಯಾಕಿಂಗ್ ಚೆನ್ನಾಗಿತ್ತು, ಡಬ್ಬ ಗಟ್ಟಿ, ಮುಚ್ಚಳ ಏರ್‌ಟೈಟ್. ಒಂದರಲ್ಲಿ 60 ಕ್ಯಾಪ್ಸೂಲ್, ರಾತ್ರಿ ಊಟ ಆದ್ಮೇಲೆ ಎರಡು. ವಾಸನೆ ಹಳೇ ಗ್ರಂಥಿಗೆ ಅಂಗಡಿ ಥರ, ಆದ್ರೆ ನುಂಗೋಕೆ ಕಷ್ಟ ಇಲ್ಲ. ಇಲ್ಲಿವರೆಗೂ ನನ್ನ ತಕರಾರಿಲ್ಲ.

ಮೊದಲ ವಾರ ಹುಡುಗ ಭಾರೀ ಖುಷಿ. ಮಾಮ, ನಿದ್ದೇನೇ ಬರ್ತಿಲ್ಲ, ಹನ್ನೆರಡೂವರೆವರೆಗೂ ಓದ್ತೀನಿ, ತಲೆ ಚುರುಕಾಗಿದೆ ಅಂದ. ಅಕ್ಕ ನನ್ನ ಕಡೆ ಒಂದು ನೋಟ ನೋಡಿದ್ಲು, ಆ ನೋಟಕ್ಕೆ 3,499 ರೂಪಾಯಿ ಕೊಟ್ರೂ ಕಮ್ಮಿ. ಮೂರನೇ ವಾರಕ್ಕೆ ರಾತ್ರಿ ಎರಡು ಗಂಟೆಯಾದ್ರೂ ಕಣ್ಣು ಮುಚ್ಚಲ್ಲ, ಬೆಳಗ್ಗೆ ಕ್ಲಾಸಲ್ಲಿ ತೂಕಡಿಕೆ, ಟೆಸ್ಟಲ್ಲಿ ಮಾರ್ಕ್ಸ್ ಮೊದ್ಲಿಗಿಂತ ಕಮ್ಮಿ. ಆಗ ನಾನು ಡಬ್ಬ ತಿರುಗಿಸಿ ಹಿಂದಿರೋ ಸಣ್ಣ ಅಕ್ಷರ ಓದಿದೆ. ಮೊದಲನೇ ದಿನವೇ ಓದ್ಬೇಕಿತ್ತು, ಅದು ನನ್ನ ತಪ್ಪು. ಎರಡು ಕ್ಯಾಪ್ಸೂಲಿಗೆ 120 ಮಿಲಿಗ್ರಾಂ ಕೆಫೀನ್! ಒಂದು ದೊಡ್ಡ ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿಗಿಂತ ಕಮ್ಮಿ ಏನಿಲ್ಲ, ಅದೂ ರಾತ್ರಿ ಎಂಟಕ್ಕೆ. ಕೆಫೀನು ಅರ್ಧ ಕಮ್ಮಿ ಆಗೋಕೇ ಸುಮಾರು ಐದು ಗಂಟೆ ಬೇಕು, ಅಂದ್ರೆ ರಾತ್ರಿ ಒಂದಕ್ಕೂ ಅರ್ಧ ಲೋಟ ಕಾಫಿ ಅವನ ರಕ್ತದಲ್ಲಿ ಓಡಾಡ್ತಿತ್ತು. ಮೆದುಳಿಗೆ ಸುಸ್ತಾಗಿದೆ ಅಂತ ಹೇಳೋ ಅಡಿನೋಸಿನ್ ಅನ್ನೋ ಕೆಮಿಕಲ್ ಕೂರೋ ಜಾಗದಲ್ಲಿ ಕೆಫೀನ್ ಹೋಗಿ ಕೂತ್ಬಿಡತ್ತೆ, ಸುಸ್ತು ಹೋಗಲ್ಲ, ಸುಸ್ತಿನ ಸುದ್ದಿ ಮುಟ್ಟಲ್ಲ ಅಷ್ಟೇ. ಇದನ್ನ ಇವರು ಜ್ಞಾಪಕಶಕ್ತಿ ಅಂತ ಮಾರ್ತಿದಾರೆ.

ಅವನಿಗೆ ನಿಲ್ಲಿಸ್ದೆ. ಉಳಿದ ಎರಡು ಡಬ್ಬ? ದುಡ್ಡು ಕೊಟ್ಟಾಗಿದೆ, ರಿಟರ್ನ್ ತಗೊಳಲ್ಲ, ಎಸೆಯೋಕೆ ಮನಸ್ಸಿಲ್ಲ. ನಾನೇ ನುಂಗಿದೆ, ಬೆಳಗ್ಗೆ ಹೊತ್ತು, ಆ ಎರಡು ತಿಂಗಳು ಬೆಳಗಿನ ಕಾಫಿ ಬಿಟ್ಟು. ಹಾಗಾಗಿ ಇದು ಎರಡು ಹೊಟ್ಟೆಯ ರಿವ್ಯೂ. ನನಗೆ ಆದ ಬದಲಾವಣೆ ಅಂದ್ರೆ ಕಾಫಿ ಪುಡಿ ಖರ್ಚು ಉಳೀತು. ಸ್ಕೂಟರ್ ಕೀ ಎಲ್ಲಿಟ್ಟೆ ಅಂತ ಹುಡುಕೋದು ಹಾಗೇ ಇದೆ.

ಈಗ ವಿಷಯಕ್ಕೆ ಬರ್ತೀನಿ. ಡಬ್ಬದ ಮುಂದೆ ದೊಡ್ಡದಾಗಿ ಎರಡು ಸಾಲಿದೆ, ಒಂದು ನ್ಯೂರೋಟ್ರಾನ್ಸ್‌ಮಿಟರ್ (ನರಕೋಶಗಳು ಒಂದಕ್ಕೊಂದು ಸುದ್ದಿ ದಾಟಿಸೋ ಕೆಮಿಕಲ್) ಹೆಚ್ಚಿಸತ್ತೆ ಅಂತ, ಇನ್ನೊಂದು ನ್ಯೂರಾನ್‌ಗಳ, ಅಂದ್ರೆ ಆ ನರಕೋಶಗಳ, ನಡುವಿನ ಸಂಪರ್ಕ ಗಟ್ಟಿ ಮಾಡತ್ತೆ ಅಂತ. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಎರಡನೇ ಸಾಲಲ್ಲಿರೋ ವಿಷಯ ಸುಳ್ಳಲ್ಲ, ಕೆಮಿಕಲ್ ಸಿಗ್ನಲ್‌ನಿಂದ ನ್ಯೂರಾನ್ ಸಂಪರ್ಕ ಗಟ್ಟಿಯಾಗೋದು ನಿಜವಾಗ್ಲೂ ನಡೆಯೋ ಕೆಲಸ, ನಾವು ಏನೇ ಕಲಿತ್ರೂ ಹಾಗೇ ಕಲಿಯೋದು. ಆದ್ರೆ ಮೊದಲನೇ ಸಾಲಿನಿಂದ ಎರಡನೇ ಸಾಲು ಬರಲ್ಲ. ಕೆಮಿಕಲ್ ಜಾಸ್ತಿ ಸುರಿದ್ರೆ ಸಂಪರ್ಕ ಗಟ್ಟಿಯಾಗತ್ತೆ ಅನ್ನೋದು, ಪೋಸ್ಟ್‌ಮ್ಯಾನ್‌ಗಳ ಸಂಖ್ಯೆ ಜಾಸ್ತಿ ಮಾಡಿದ್ರೆ ಎಲ್ಲರಿಗೂ ಕೆಲಸದ ಆರ್ಡರ್ ಬರತ್ತೆ ಅಂದ ಹಾಗೆ.

ಮೆದುಳಲ್ಲಿ ಸುಮಾರು 8,600 ಕೋಟಿ ನ್ಯೂರಾನ್. ಒಂದಕ್ಕೊಂದು ಅಂಟ್ಕೊಂಡಿರಲ್ಲ, ನಡುವೆ ಒಂದು ಸಂದು, 20 ನ್ಯಾನೋಮೀಟರ್ ಆಸುಪಾಸು, ಒಂದು ಕೂದಲಿನ ದಪ್ಪದಲ್ಲಿ ಇಂಥ ಸಾವಿರಾರು ಸಂದು ಹಿಡಿಯತ್ತೆ. ಈ ಕಡೆ ನ್ಯೂರಾನ್ ಗ್ಲುಟಮೇಟ್ ಅನ್ನೋ ಕೆಮಿಕಲ್ ಉಗುಳತ್ತೆ, ಆ ಕಡೆಯದರ ಮೈಮೇಲೆ ಅದನ್ನ ಹಿಡ್ಕೊಳ್ಳೋ ಬಾಗಿಲುಗಳಿವೆ. ಆ ಬಾಗಿಲಲ್ಲಿ ಎರಡು ಜಾತಿ ಮುಖ್ಯ. ಆಂಪಾ ಅಂತ ಒಂದು, ಗ್ಲುಟಮೇಟ್ ಮುಟ್ಟಿದ ತಕ್ಷಣ ತೆಗೆಯತ್ತೆ, ಸೋಡಿಯಂ ಒಳಗೆ ನುಗ್ಗತ್ತೆ, ದಿನನಿತ್ಯದ ವ್ಯವಹಾರ ಹೆಚ್ಚುಕಮ್ಮಿ ಇದರಲ್ಲೇ. ಇನ್ನೊಂದು ಎನ್‌ಎಂಡಿಎ. ಇದು ಬೆರಕಿ. ಗ್ಲುಟಮೇಟ್ ಬಂದು ಬಾಗಿಲು ತಟ್ಟಿದ್ರೂ ದಾರಿ ಬಿಡಲ್ಲ, ಯಾಕಂದ್ರೆ ಕೊಳವೆಯ ಕತ್ತಲ್ಲಿ ಒಂದು ಮೆಗ್ನೀಸಿಯಂ ಅಯಾನ್ (ಚಾರ್ಜ್ ಇರೋ ಕಣ) ಸಿಕ್ಕಾಕೊಂಡು ಕೂತಿರತ್ತೆ.

ಗೋಲಿಸೋಡಾ ಕುಡಿದಿದೀರಲ್ಲ, ಬಾಟ್ಲು ಕತ್ತಲ್ಲಿ ಗೋಲಿ. ಹೆಬ್ಬೆರಳಲ್ಲಿ ಸುಮ್ನೆ ಮುಟ್ಟಿದ್ರೆ ಏನೂ ಆಗಲ್ಲ, ಒಂದೇಟು ಜೋರಾಗಿ ಒತ್ತಬೇಕು, ಆಗ ಪುಸ್ ಅಂತ ತೆಗೆಯೋದು. ಹಂಗೇ ಇದು. ಆ ಕಡೆ ನ್ಯೂರಾನ್ ಒಳಗೆ ಮೈನಸ್ ಚಾರ್ಜ್ ಇರೋವರೆಗೂ ಪ್ಲಸ್ ಚಾರ್ಜಿನ ಮೆಗ್ನೀಸಿಯಂ ಅಲ್ಲೇ ಎಳೆದುಕೊಂಡು ಕೂತಿರತ್ತೆ. ಒಂದೇ ಹೊತ್ತಿಗೆ ಸುಮಾರು ಸಿಗ್ನಲ್ ಒಟ್ಟಿಗೆ ಬಂದು ಬಿದ್ದು ಆಂಪಾ ಬಾಗಿಲಿಂದ ಸಾಕಷ್ಟು ಸೋಡಿಯಂ ಒಳಗೆ ಹೋಗಿ ಒಳಗಿನ ವೋಲ್ಟೇಜ್ ಏರಿದ್ರೆ ಮಾತ್ರ ಗೋಲಿ ಹಾರತ್ತೆ (ಸೋಡಾದಲ್ಲಿ ಗೋಲಿ ಒಳಗೆ ಬೀಳತ್ತೆ, ಇಲ್ಲಿ ಹೊರಗೆ ಹಾರತ್ತೆ, ಅಷ್ಟೇ ವ್ಯತ್ಯಾಸ). ಆಗ ಆ ದಾರಿಯಲ್ಲಿ ಕ್ಯಾಲ್ಸಿಯಂ ಒಳಗೆ ಬರತ್ತೆ. ಅಂದ್ರೆ ಎನ್‌ಎಂಡಿಎಗೆ ಎರಡು ಸಾಕ್ಷಿ ಬೇಕು, ಈ ಕಡೆಯವನು ಕೂಗಿರಬೇಕು, ಆ ಕಡೆಯವನು ಅದೇ ಹೊತ್ತಲ್ಲಿ ಎದ್ದಿರಬೇಕು. ಈ ಮೆಗ್ನೀಸಿಯಂ ಗುಟ್ಟನ್ನ 1984ರಲ್ಲಿ ಎರಡು ಲ್ಯಾಬ್‌ನವರು ಬೇರೆ ಬೇರೆಯಾಗಿ ಕಂಡುಹಿಡಿದ್ರು. ಆದ್ರೆ ಜೊತೆಜೊತೆಗೆ ಉರಿಯೋ ಜೀವಕೋಶಗಳ ನಂಟು ಗಟ್ಟಿಯಾಗ್ಬೇಕು ಅನ್ನೋ ಊಹೆಯನ್ನ ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ 1949ರಲ್ಲೇ ಬರೆದಿಟ್ಟಿದ್ದ, ಕೈಯಲ್ಲಿ ಪುರಾವೆ ಇಲ್ದೇನೇ. ಇದನ್ನ ಓದಿದಾಗೆಲ್ಲ ನನಗೆ ಒಂಥರಾ ಮೈ ಜುಂ ಅನ್ನತ್ತೆ.

ಕ್ಯಾಲ್ಸಿಯಂ ಒಳಗೆ ಬಂದ್ಮೇಲೆ ಕ್ಯಾಮ್‌ಕೈನೇಸ್ ಅನ್ನೋ ಎಂಜೈಮ್ ಎದ್ದು ಕೂರತ್ತೆ, ಒಳಗೆ ದಾಸ್ತಾನಿದ್ದ ಆಂಪಾ ಬಾಗಿಲುಗಳು ಮೇಲೆ ಬಂದು ಅದೇ ಸಂದಿನ ಎದುರಿಗೆ ಕೂರೋ ಹಾಗಾಗತ್ತೆ. ಬಸ್ ಸ್ಟ್ಯಾಂಡಲ್ಲಿ ಒಂದು ಟಿಕೆಟ್ ಕೌಂಟರ್ ಇದ್ದಿದ್ದು ನಾಲ್ಕಾದ ಹಾಗೆ. ಈಗ ಈ ಕಡೆಯಿಂದ ಮೊದ್ಲಿನಷ್ಟೇ ಗ್ಲುಟಮೇಟ್ ಹೋದ್ರೂ ಆ ಕಡೆ ಸದ್ದು ಜೋರು. ಗಮನಿಸಿ, ಇಲ್ಲಿ ಕೆಮಿಕಲ್ ಹೆಚ್ಚೇ ಆಗ್ಬೇಕಂತಿಲ್ಲ, ಕೇಳೋ ಕಿವಿ ಹೆಚ್ಚಾಯ್ತು. ಅದೂ ಇಡೀ ಮೆದುಳಲ್ಲಲ್ಲ, ಆ ಒಂದು ಸಂದಲ್ಲಿ. ಹೊಲದಲ್ಲಿ ಜನ ಓಡಾಡಿದ ಕಡೆ ಮಾತ್ರ ಕಾಲುದಾರಿ ಬೀಳತ್ತೆ, ಇಡೀ ಹೊಲ ತುಳಿದ್ರೆ ದಾರಿ ಆಗಲ್ಲ, ಬೆಳೆ ಹಾಳಾಗತ್ತೆ. ಮೆದುಳಲ್ಲೂ ಗ್ಲುಟಮೇಟ್ ವಿಪರೀತ ಆದ್ರೆ ಕ್ಯಾಲ್ಸಿಯಂ ಮಿತಿಮೀರಿ ನುಗ್ಗಿ ನ್ಯೂರಾನ್ ಸಾಯತ್ತೆ, ಸ್ಟ್ರೋಕ್ ಆದಾಗ ಆಗೋ ಹಾನಿಯಲ್ಲಿ ಇದರ ಪಾಲೂ ಇದೆ. ಡಬ್ಬದವರು ಹೆಚ್ಚಿಸ್ತೀವಿ ಅಂತ ಹೆಮ್ಮೆಯಿಂದ ಬರ್ಕೊಂಡಿದಾರಲ್ಲ, ಪುಣ್ಯಕ್ಕೆ ಹೆಚ್ಚಿಸಲ್ಲ.

ಇದೆಲ್ಲ ಕತೆಯಲ್ಲ, ಕಣ್ಣಾರೆ ಅಳೆದಿದ್ದು. ನಾರ್ವೆಯ ಓಸ್ಲೋದಲ್ಲಿ ಪೆರ್ ಆ್ಯಂಡರ್ಸನ್ ಲ್ಯಾಬಲ್ಲಿ ಟೆರ್ಯೆ ಲೋಮೊ, ಟಿಮ್ ಬ್ಲಿಸ್ ಇಬ್ಬರೂ ಸೇರಿ ಪ್ರಜ್ಞೆ ತಪ್ಪಿಸಿದ ಮೊಲಗಳ ಹಿಪ್ಪೋಕ್ಯಾಂಪಸ್‌ಗೆ (ಮೆದುಳಲ್ಲಿ ನೆನಪಿನ ಕೆಲಸ ಮಾಡೋ ಭಾಗ) ಹೋಗೋ ನರದ ದಾರಿಗೆ ಸೆಕೆಂಡಿಗೆ 100 ಸಲದ ಹಾಗೆ ಮೂರ್ನಾಲ್ಕು ಸೆಕೆಂಡ್, ಇಲ್ಲಾ ಅದಕ್ಕಿಂತ ಎಷ್ಟೋ ನಿಧಾನವಾಗಿ ಹತ್ತು ಹದಿನೈದು ಸೆಕೆಂಡ್ ಕರೆಂಟ್ ಕೊಟ್ರು. ಆಮೇಲೆ ಅದೇ ದಾರಿಗೆ ಮಾಮೂಲಿ ಒಂದು ಸಣ್ಣ ಸಿಗ್ನಲ್ ಕೊಟ್ರೂ ಉತ್ತರ ದೊಡ್ಡದಾಗಿ ಬರೋಕೆ ಶುರುವಾಯ್ತು, ಅರ್ಧ ಗಂಟೆಯಿಂದ ಹತ್ತು ಗಂಟೆವರೆಗೂ ಹಾಗೇ ಉಳೀತು. 18 ಮೊಲದಲ್ಲಿ 15ರಲ್ಲಿ. 1973ರಲ್ಲಿ ಪ್ರಕಟ ಆಯ್ತು. ಈ ಗಟ್ಟಿಯಾಗೋದಕ್ಕೆ ಈಗ ಎಲ್‌ಟಿಪಿ (ಲಾಂಗ್ ಟರ್ಮ್ ಪೊಟೆನ್ಶಿಯೇಶನ್, ಬಹಳ ಹೊತ್ತು ಉಳಿಯೋ ಬಲ) ಅಂತಾರೆ. ಆಮೇಲೆ 1986ರಲ್ಲಿ ರಿಚರ್ಡ್ ಮಾರಿಸ್ ತಂಡದವರು ಇಲಿಗಳಿಗೆ ಎನ್‌ಎಂಡಿಎ ಬಾಗಿಲು ಮುಚ್ಚೋ ಎಪಿ5 ಅನ್ನೋ ಔಷಧಿ ಕೊಟ್ಟು ಮಬ್ಬು ನೀರಿನ ತೊಟ್ಟಿಗೆ ಬಿಟ್ರು, ನೀರಡಿ ಒಂದು ಕಟ್ಟೆ ಅಡಗಿಸಿಟ್ಟಿರ್ತಾರೆ, ಎಲ್ಲಿದೆ ಅಂತ ಕಲೀಬೇಕು. ಆ ಇಲಿಗಳು ಈಜೋದೇನೋ ಈಜಿದ್ವು, ಜಾಗ ಮಾತ್ರ ಕಲೀಲಿಲ್ಲ.

ಸರಿ, ಈಗ ಡಬ್ಬದ ಹಿಂದಿನ ಪಟ್ಟಿ. ಮೊದಲನೇ ಹೆಸರೇ ಗಾಬಾ. ನಾನು ಜೋರಾಗಿ ನಕ್ಕುಬಿಟ್ಟೆ, ಅಕ್ಕ ಒಳಗಿಂದ ಓಡಿ ಬಂದ್ಲು. ಗಾಬಾ ಮೆದುಳಿನ ಬ್ರೇಕು ಮಾರಾಯ್ರೆ! ಗ್ಲುಟಮೇಟ್ ಎಬ್ಬಿಸಿದ್ರೆ ಇದು ಸುಮ್ನೆ ಕೂರಿಸೋದು. ಬ್ರೇಕ್ ಬೇಡ ಅಂತಲ್ಲ, ಬ್ರೇಕ್ ಇಲ್ದಿದ್ರೆ ಫಿಟ್ಸ್ ಬರತ್ತೆ. ಆದ್ರೆ ಒಂದೇ ಕ್ಯಾಪ್ಸೂಲಲ್ಲಿ ಕೆಫೀನೂ ಗಾಬಾನೂ, ಆಕ್ಸಿಲೇಟರೂ ಬ್ರೇಕೂ ಒಟ್ಟಿಗೆ ಒತ್ತೋದು ಯಾವ ಡ್ರೈವಿಂಗ್ ಸ್ಕೂಲಲ್ಲಿ ಹೇಳ್ಕೊಡ್ತಾರೆ? ಹೆದರಬೇಕಾಗಿಲ್ಲ, ಬಾಯಿಂದ ತಗೊಂಡ ಗಾಬಾ ಮೆದುಳಿಗೆ ಹೋಗೋದೇ ಕಷ್ಟ, ರಕ್ತಕ್ಕೂ ಮೆದುಳಿಗೂ ನಡುವೆ ಬಿಗಿ ಚೆಕ್‌ಪೋಸ್ಟ್ ಇದೆ. ಗ್ಲುಟಮೇಟ್‌ದೂ ಇದೇ ಕತೆ. ಅಜಿನೊಮೊಟೊ ಅಂದ್ರೆ ಗ್ಲುಟಮೇಟ್‌ನ ಉಪ್ಪೇ, ಅದು ಸಲೀಸಾಗಿ ಮೆದುಳು ಸೇರೋ ಹಾಗಿದ್ದು ನೆನಪು ಜಾಸ್ತಿ ಮಾಡೋ ಹಾಗಿದ್ರೆ ಸಂಜೆ ಗಾಡಿ ಮುಂದೆ ಗೋಬಿ ಮಂಚೂರಿ ತಿಂದು ಬೆಳೆದ ನಮ್ಮ ಬ್ಯಾಚ್ ಪೂರ್ತಿ ರ‍್ಯಾಂಕ್ ಬರ್ಬೇಕಿತ್ತು.

ಎರಡನೇದು ಮೆಗ್ನೀಸಿಯಂ. ಪಕ್ಕದಲ್ಲಿ ನ್ಯೂರಾನ್ ಗೇಟ್ ತೆರೆಯುತ್ತದೆ ಅಂತ ಬರೆದಿದಾರೆ. ಗೇಟಿಗೆ ಅಡ್ಡ ಕೂತಿರೋ ಗೋಲಿಯೇ ಅದು! ಮೆಗ್ನೀಸಿಯಂ ದೇಹಕ್ಕೆ ಬೇಕು, ನಿಜ, ಆ ಗೋಲಿ ಇರೋದ್ರಿಂದ್ಲೇ ಸುಮ್ಸುಮ್ನೆ ಎಲ್ಲವೂ ನೆನಪಾಗಿ ಅಚ್ಚೊತ್ತಲ್ಲ ಅಂತಾನೂ ಹೇಳ್ಬಹುದು. ಆದ್ರೆ ತೆರೆಯೋದು ಅಂತ ಬರೆದವನು ಪಿಯು ಬಯಾಲಜಿ ಯಾರ ಹತ್ರ ಕಲಿತನೋ, ನನ್ನ ಹತ್ರ ಅಲ್ಲ ಅನ್ನೋದೊಂದೇ ಸಮಾಧಾನ.

ಮೂರನೇದು ಗಿಂಕೋ, ಅದೇ ಹೆಸರಿನ ಮರದ ಎಲೆಯ ಸಾರ. ಅಮೆರಿಕದಲ್ಲಿ 75 ದಾಟಿದ 3,069 ಜನರನ್ನ ಸೇರಿಸ್ಕೊಂಡು ಅರ್ಧ ಜನಕ್ಕೆ ದಿನಾ 240 ಮಿಲಿಗ್ರಾಂ ಗಿಂಕೋ ಕೊಟ್ಟು ವರ್ಷಗಟ್ಟಲೆ ನೋಡಿದ್ರು, ಮರೆವಿನ ಕಾಯಿಲೆ ಬರೋದನ್ನ ತಡೆಯಲಿಲ್ಲ ಅಂತ 2008ರಲ್ಲಿ ಫಲಿತಾಂಶ ಬಂತು. ಇಲ್ಲಿ ಇರೋದು 30 ಮಿಲಿಗ್ರಾಂ. ಮುಂದೆ ಹೋಗೋಣ.

ನಾಲ್ಕನೇದು ಬ್ರಾಹ್ಮಿ, ಇದರ ಬಗ್ಗೆ ನಾನು ಪೂರ್ತಿ ಲೇವಡಿ ಮಾಡಲ್ಲ. ಮೊದ್ಲು ಒಂದು ಗೊಂದಲ ಬಿಡಿಸ್ಬೇಕು. ನಮ್ಮ ಮಲೆನಾಡ ಕಡೆ ಹಿತ್ತಲಲ್ಲಿ ಬೆಳೆಯೋ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ತಂಬುಳಿ ಮಾಡ್ತೀವಲ್ಲ ಅದು, ಸೆಂಟೆಲ್ಲಾ. ಡಬ್ಬದೊಳಗಿರೋದು ಬಕೋಪ, ನೀರ್‌ಬ್ರಾಹ್ಮಿ, ಬೇರೆ ಗಿಡ, ಬೇರೆ ಕುಟುಂಬ. ಡಬ್ಬದ ಮೇಲೆ ಹಾಕಿರೋ ಎಲೆ ಚಿತ್ರ ಮಾತ್ರ ಒಂದೆಲಗದ್ದು! ಬಕೋಪ ಮೇಲೆ ಮನುಷ್ಯರ ಮೇಲೇ ಮಾಡಿದ ಕೆಲವು ಸಣ್ಣ ಟ್ರಯಲ್‌ಗಳಿವೆ, ಹೆಚ್ಚಾಗಿ ದಿನಕ್ಕೆ 300 ಮಿಲಿಗ್ರಾಂ ಎಕ್ಸ್‌ಟ್ರಾಕ್ಟ್, 12 ವಾರ ತಗೊಂಡ್ಮೇಲೆ ಕೆಲವದರಲ್ಲಿ ಸ್ವಲ್ಪ ಉಪಯೋಗ ಕಂಡಿದೆ. ಸ್ವಲ್ಪ. ಇಲ್ಲಿ ಹಾಕಿರೋದು 50. ಅದಕ್ಕಿಂತ ಅಮ್ಮ ಮಾಡೋ ಒಂದೆಲಗದ ತಂಬುಳಿ ಬೇಸಿಗೆ ಮಧ್ಯಾಹ್ನ ಅನ್ನಕ್ಕೆ ಕಲೆಸ್ಕೊಂಡು ತಿಂದ್ರೆ ನೆನಪು ಬರತ್ತೋ ಇಲ್ವೋ ನಿದ್ದೆ ಅಂತೂ ಚೆನ್ನಾಗಿ ಬರತ್ತೆ, ಮತ್ತೆ ನಿದ್ದೆ ನೆನಪಿಗೆ ಬೇಕೇ ಬೇಕು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹುಡುಗಿ ಪಾಪ ಒಳ್ಳೆಯವಳು, ಸರ್ ಇದು ಆರು ತಿಂಗಳ ಕೋರ್ಸ್, ಮೂರು ತಿಂಗಳಲ್ಲಿ ನಿಲ್ಲಿಸಿದ್ರೆ ಕನೆಕ್ಷನ್ ಮತ್ತೆ ಲೂಸ್ ಆಗತ್ತೆ ಅಂದ್ಲು. ನಾನು ಎನ್‌ಎಂಡಿಎ ಬಗ್ಗೆ ಕೇಳ್ದೆ. ಒಂದು ನಿಮಿಷ ಸರ್ ಅಂತ ಹೋಲ್ಡಲ್ಲಿಟ್ಲು, ಹಾಡು ಬಂತು, ಕಟ್ ಆಯ್ತು. ಡಬ್ಬದ ತಳದಲ್ಲಿ ಇದು ಔಷಧವಲ್ಲ ಅಂತ ಇರುವೆ ಸೈಜಲ್ಲಿ ಬರೆದಿದೆ, ಆಮೇಲೆ ನೋಡಿದ್ದು.

ಹಾಗಾದ್ರೆ ಹುಡುಗನಿಗೆ ಏನ್ ಮಾಡಿದೆ ಅಂತ ಕೇಳ್ಬಹುದು. ಅವನು ಓದ್ತಿದ್ದ ರೀತೀನೇ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಿತ್ತು, ಒಂದು ಚಾಪ್ಟರ್ ಹಿಡಿದು ಒಂದೇ ರಾತ್ರಿ ಐದು ಸಲ. ಇಲ್ಲಿ ಕೆಮಿಸ್ಟ್ರಿ ನಿಜವಾಗ್ಲೂ ಉಪಯೋಗಕ್ಕೆ ಬಂತು. ಆಂಪಾ ಬಾಗಿಲು ಮೇಲೆ ಬರೋದು ನಿಮಿಷಗಳ ಕೆಲಸ, ಆದ್ರೆ ಗಂಟೆಗಟ್ಟಲೆ ದಿನಗಟ್ಟಲೆ ನಿಲ್ಬೇಕಂದ್ರೆ ಜೀವಕೋಶ ಹೊಸ ಪ್ರೋಟೀನ್ ಮಾಡ್ಬೇಕು, ಸುದ್ದಿ ನ್ಯೂಕ್ಲಿಯಸ್‌ವರೆಗೂ ಹೋಗಿ ಜೀನ್‌ಗಳು ಆನ್ ಆಗ್ಬೇಕು. ಎರಿಕ್ ಕ್ಯಾಂಡೆಲ್ (2000ದಲ್ಲಿ ನೊಬೆಲ್ ಬಂದೋರು) ತಂಡ ಅಪ್ಲೀಸಿಯಾ ಅನ್ನೋ ಸಮುದ್ರದ ಬಸವನಹುಳು ಜಾತಿಯ ಪ್ರಾಣಿಯ ನ್ಯೂರಾನ್‌ಗಳನ್ನ ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿತ್ತು, ಅಲ್ಲಿ ಕೆಲಸ ಮಾಡೋ ಕೆಮಿಕಲ್ ಸೆರೊಟೋನಿನ್. ಒಂದು ಸಲ ಹಾಕಿದ್ರೆ ಸಂಪರ್ಕ ಸ್ವಲ್ಪ ಹೊತ್ತು ಗಟ್ಟಿ, ಅಷ್ಟೇ. ಬಿಡುವು ಕೊಟ್ಟು ಐದು ಸಲ ಹಾಕಿದ್ರೆ ಒಂದು ದಿನ ದಾಟಿ ಉಳೀತು, ಆದ್ರೆ ಪ್ರೋಟೀನ್ ತಯಾರಿ ತಡೆದ್ರೆ ಉಳೀಲಿಲ್ಲ. ನೊಣದಲ್ಲೂ ಇದೇ, 1994ರಲ್ಲಿ ಟಿಮ್ ಟಲ್ಲಿ ತಂಡ ಹಣ್ಣಿನ ನೊಣಗಳಿಗೆ ಹತ್ತು ಪಾಠ ಬಿಡುವಿಲ್ದೆ ಒಂದು ಗುಂಪಿಗೆ, 15 ನಿಮಿಷ ಬಿಡುವು ಕೊಟ್ಟು ಇನ್ನೊಂದು ಗುಂಪಿಗೆ ಹೇಳ್ಕೊಟ್ರು, ಪಾಠ ಅದೇ ಹತ್ತು. ಬಿಡುವು ಸಿಕ್ಕಿದ ನೊಣಗಳು ವಾರ ಆದ್ರೂ ನೆನಪಿಟ್ಕೊಂಡಿದ್ವು, ಬಿಡುವಿಲ್ದೆ ಕಲಿತವಕ್ಕೆ ಅಷ್ಟು ದಿನ ಉಳೀಲಿಲ್ಲ. 2012ರಲ್ಲಿ ಇಲಿ ಹಿಪ್ಪೋಕ್ಯಾಂಪಸ್‌ನ ತೆಳು ಹೋಳುಗಳಲ್ಲಿ ಇನ್ನೂ ಚಂದ ನೋಡಿದ್ರು, ಒಮ್ಮೆ ಗಟ್ಟಿ ಮಾಡಿ ಹತ್ತು ನಿಮಿಷಕ್ಕೋ ಅರ್ಧ ಗಂಟೆಗೋ ಮತ್ತೆ ಅದೇ ಸಿಗ್ನಲ್ ಕೊಟ್ರೆ ಏನೂ ಹೆಚ್ಚಾಗಲ್ಲ, ಒಂದು ಗಂಟೆ ಬಿಟ್ಟು ಕೊಟ್ರೆ ಮತ್ತೆ ಏರತ್ತೆ. ಮೊದಲನೇ ಸಲ ಓಗೊಡದೆ ಉಳಿದ ಸಂದುಗಳು ಎರಡನೇ ಸಲಕ್ಕೆ ತಯಾರಾಗೋಕೆ ಟೈಮ್ ಬೇಕಂತೆ.

ಮೊಲ ಇಲಿ ನೊಣದ್ದೆಲ್ಲ ತಂದು ನೀಟ್ ಹುಡುಗನಿಗೆ ನೇರ ಅಂಟಿಸೋಕಾಗಲ್ಲ, ಅದು ನನಗೂ ಗೊತ್ತು. ಆದ್ರೂ ಬಿಡುವು ಕೊಟ್ಟು ಓದಿದ್ರೆ ಜಾಸ್ತಿ ದಿನ ನಿಲ್ಲತ್ತೆ ಅನ್ನೋದು ಮನುಷ್ಯರಲ್ಲೂ ನೂರು ವರ್ಷಕ್ಕಿಂತ ಹಿಂದಿನಿಂದ್ಲೂ ನೋಡಿರೋದೇ. ಹಾಗಾಗಿ ರಾತ್ರಿ ಐದು ಸಲ ಓದೋದು ನಿಲ್ಲಿಸಿ ಇವತ್ತೊಂದ್ಸಲ, ನಾಳೆ ಪುಸ್ತಕ ಮುಚ್ಚಿ ನೆನಪಿಂದ ಬರಿಯೋದು, ಆಮೇಲೆ ನಾಲ್ಕು ದಿನ ಬಿಟ್ಟು, ಆಮೇಲೆ ಹನ್ನೆರಡು ದಿನ ಬಿಟ್ಟು ಅಂತ ಗೋಡೆ ಮೇಲೆ ಕ್ಯಾಲೆಂಡರಲ್ಲಿ ಬರೆದು ಹಾಕಿದ್ವಿ. ಹಾಲಿನವನ ಲೆಕ್ಕದ ಪಕ್ಕದಲ್ಲೇ. ಖರ್ಚು ಒಂದು ಪೆನ್ನು. ಹತ್ತೂವರೆಗೆ ಮಲಗೋದು.

ಅಕ್ಕನಿಗೂ ಒಂದು ಪ್ರಿಸ್ಕ್ರಿಪ್ಷನ್ ಕೊಟ್ಟೆ, ಊಟಕ್ಕೆ ಕೂತಾಗ ಪಕ್ಕದ ಮನೆ ಹುಡುಗಿಯ ಮಾರ್ಕ್ಸ್ ಸುದ್ದಿ ಎತ್ತಬಾರದು ಅಂತ. ಅವಳಿಗೆ ಸಿಟ್ಟು ಬಂತು. ಆಗ ಬೆಂಗಳೂರಿನದ್ದೇ ಉದಾಹರಣೆ ಹೇಳ್ದೆ. ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಸುಮಂತ್ರ ಚಟರ್ಜಿಯವರ ತಂಡ ನಿಮ್ಹಾನ್ಸ್‌ನವರ ಜೊತೆ ಸೇರಿ 2002ರಲ್ಲಿ ಪ್ರಕಟಿಸಿದ ಕೆಲಸ, ಇಲಿಗಳನ್ನ ದಿನಕ್ಕೆ ಎರಡು ಗಂಟೆ ಅಲ್ಲಾಡದ ಹಾಗೆ ಹಿಡಿದಿಟ್ರು, ಹತ್ತು ದಿನ. ಹಿಪ್ಪೋಕ್ಯಾಂಪಸ್‌ನಲ್ಲಿ ನ್ಯೂರಾನ್‌ಗಳ ಕೊಂಬೆಗಳು ಮುದುಡಿದ್ವು, ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲಾದಲ್ಲಿ ಕೊಂಬೆಗಳು ಇನ್ನೂ ಹರಡ್ಕೊಂಡ್ವು. ಅಂದ್ರೆ ನೆನಪಿಟ್ಕೊಳ್ಳೋ ಜಾಗದಲ್ಲಿ ಸಂಪರ್ಕಕ್ಕೆ ಜಾಗ ಕಮ್ಮಿ, ಹೆದರೋ ಜಾಗದಲ್ಲಿ ಜಾಸ್ತಿ. ಅಕ್ಕ ಸ್ವಲ್ಪ ಹೊತ್ತು ಸುಮ್ನಿದ್ದು, ನಾನೇನ್ ಅವನನ್ನ ಕಟ್ಹಾಕಿದೀನಾ ಅಂದ್ಲು. ಆದ್ರೂ ಪಕ್ಕದ ಮನೆ ಸುದ್ದಿ ವಾರಕ್ಕೊಂದ್ಸಲಕ್ಕೆ ಇಳಿದಿದೆ.

ರೇಟಿಂಗ್ ಲೆಕ್ಕ: ಡೆಲಿವರಿಗೆ ಒಂದು, ಮುಚ್ಚಳಕ್ಕೆ ಅರ್ಧ. ಒಳಗಿರೋದಕ್ಕೆ ಸೊನ್ನೆ. ಕೆಫೀನ್ ಬೇಕಿದ್ರೆ ಕಾಫಿ ಕುಡೀರಿ, ಬ್ರಾಹ್ಮಿ ಬೇಕಿದ್ರೆ ಗೊತ್ತಿರೋ ವೈದ್ಯರನ್ನ ಕೇಳಿ ತಗೊಳ್ಳಿ, ಮಕ್ಕಳಿಗೆ ರಾತ್ರಿ ಹೊತ್ತು ಇಂಥದ್ದು ಕೊಡೋಕೆ ಮುಂಚೆ ಹಿಂದಿನ ಸಣ್ಣಕ್ಷರ ದಯವಿಟ್ಟು ಓದಿ, ನನ್ನ ಥರ ಮೂರು ವಾರ ಬಿಟ್ಟಲ್ಲ.

ಹುಡುಗನ ಮಾರ್ಕ್ಸ್ ಬಗ್ಗೆ ಈಗ್ಲೇ ಏನೂ ಹೇಳಲ್ಲ, ಪರೀಕ್ಷೆ ಇನ್ನೂ ಇದೆ. ಮೊನ್ನೆ ದೋಸೆ ತಿನ್ನೋವಾಗ ಇದ್ದಕ್ಕಿದ್ದಂಗೆ ಕೇಳ್ದ, ಮಾಮ, ಆ 18 ಮೊಲದಲ್ಲಿ 15ಕ್ಕೆ ಸರಿ, ಉಳಿದ 3 ಮೊಲಕ್ಕೆ ಯಾಕಾಗ್ಲಿಲ್ಲ? ನಾನು ಅದನ್ನ ಅವನಿಗೆ ಹೇಳಿ ಒಂದೂವರೆ ತಿಂಗಳಾಗಿತ್ತು.